ಏಳು ಫಾರ್ವರ್ಡ್‌ಗಳು ಮತ್ತು ಅರ್ಧ ಆಟದ ಉಳವಪ್ಪ

ಮಾನ್ಯ ಆಯ್ಕೆ ಸಮಿತಿಯ ಅಧ್ಯಕ್ಷರೇ,

ಬರುವ ರವಿವಾರ ಮುಂಡಗೋಡದವರ ಎದುರಿನ ಫುಟ್‌ಬಾಲ್ ಫೈನಲ್ಲಿಗೆಂದು ನೀವು ಕ್ಲಬ್ಬಿನ ಬೋರ್ಡಿಗೆ ಹಚ್ಚಿರುವ ಪಟ್ಟಿಯನ್ನು ಮೂರು ಸಲ ಓದಿದೆ. ಹದಿನೇಳು ಹೆಸರುಗಳಿವೆ. ಅದರಲ್ಲಿ ಇಬ್ಬರು ಗೋಲ್‌ಕೀಪರು, ಐವರು ನಡುವೆ ಆಡುವವರು, ಏಳು ಜನ ಫಾರ್ವರ್ಡು. ಹಿಂದೆ ನಿಂತು ಕಾಯುವವರು ಮೂವರೇ, ಆ ಮೂವರೂ ಬಲಗಾಲಿನವರು. ಹದಿನಾಲ್ಕು ವರ್ಷ ನಮ್ಮ ತಂಡದ ಎಡಮಗ್ಗುಲನ್ನು ಕಾದ ಉಳವಪ್ಪನ ಹೆಸರಿಲ್ಲ. ಹದಿನೆಂಟನೆಯ ಸಾಲನ್ನು ಖಾಲಿ ಬಿಟ್ಟು ಪೆನ್ಸಿಲಿನಲ್ಲಿ ‘ಬರುವವರಿದ್ದಾರೆ’ ಎಂದು ಬರೆದಿದ್ದೀರಿ. ಯಾರು ಬರುವವರು ಎಂದು ವಿಚಾರಿಸಿದೆ. ಎಂಟನೆಯ ಫಾರ್ವರ್ಡ್ ಅಂತೆ.

ಈ ಪತ್ರ ಓದಿದ ಮೇಲೆ ನಿಮ್ಮ ಆಜೂಬಾಜು ಕೂರುವವರು ಏನು ಹೇಳುತ್ತಾರೆಂದು ನನಗೆ ಗೊತ್ತು. ‘ಬಿಡ್ರಿ ಸಾಹೇಬ್ರ, ಅವಗ ಹೊಟ್ಟಿಕಿಚ್ಚು’ ಅನ್ನುತ್ತಾರೆ. ಅವರಿಗೇಕೆ ಆ ಶ್ರಮ? ನಾನೇ ಹೇಳಿಬಿಡುತ್ತೇನೆ. ಹೌದು ಸ್ವಾಮಿ, ನನಗೆ ಹೊಟ್ಟೆಕಿಚ್ಚು. ನೀವು ಹೊಸದಾಗಿ ತಂದ ಮೂವರ ಮೇಲೆ ಹೊಟ್ಟೆಕಿಚ್ಚು, ಅವರ ಬೂಟಿನ ಮೇಲೆ ಹೊಟ್ಟೆಕಿಚ್ಚು, ತಾಲೀಮು ಮುಗಿದ ಮೇಲೆ ಅವರ ಕೈಗೆ ಬರುವ ಎಳನೀರಿನ ಮೇಲೂ ಹೊಟ್ಟೆಕಿಚ್ಚು. ಕ್ಲಬ್ಬಿಗೆ ಹೊಸಬರು ಬಂದಾಗ ಹಳಬರ ಹೊಟ್ಟೆಯಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ನನ್ನಷ್ಟು ಬಲ್ಲವರು ದಾಂಡೇಲಿಯಲ್ಲಿ ಬೇರೆ ಯಾರೂ ಇಲ್ಲ. ಅದಕ್ಕೆ ಪುರಾವೆಯನ್ನೂ ಇದೇ ಪತ್ರದಲ್ಲಿ ಕೊಡುತ್ತೇನೆ, ತುಸು ತಾಳ್ಮೆ ಇರಲಿ.

ನಾನು ಕಾಗದದ ಕಾರ್ಖಾನೆಯ ಕಟಿಂಗ್ ವಿಭಾಗದಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಪಾಳಿ ಕೆಲಸ ಮಾಡುವವನು. ಹತ್ತು ವರ್ಷ ನಮ್ಮ ಕ್ಲಬ್ಬಿನ ಲೆಫ್ಟ್ ಬ್ಯಾಕ್ ಆಗಿದ್ದೆ. ನಿಮಗೆ ನೆನಪಿಲ್ಲದಿದ್ದರೆ ಅದು ನಿಮ್ಮ ತಪ್ಪಲ್ಲ, ನೆನಪಿಡುವಂತೆ ನಾನು ಆಡಿರಲಿಲ್ಲ. ಆಮೇಲೆ ಹಳಿಯಾಳದ ಕಡೆಯಿಂದ ಉಳವಪ್ಪ ಎಂಬ ಇಪ್ಪತ್ತೊಂದು ವರ್ಷದ ಹುಡುಗ ಕಾರ್ಖಾನೆಗೆ ಸೇರಿದ, ನನ್ನ ಜಾಗ ಅವನದಾಯಿತು. ಅವನು ಬಂದ ದಿನ ಯಾರೂ ಬ್ಯಾಂಡು ಬಾರಿಸಲಿಲ್ಲ. ಕೆಂಪು ಬಸ್ಸಿನಿಂದ ಒಂದು ಕೈಚೀಲ, ಒಂದು ಬುತ್ತಿ ಹಿಡಿದುಕೊಂಡು ಇಳಿದ, ಅಷ್ಟೇ.

ಈ ಸಲದ ಸಡಗರವೇ ಬೇರೆ. ನಿಮ್ಮ ಮೂವರು ರತ್ನಗಳು ಗೋವೆಯಿಂದ ಕ್ಯಾಸಲ್‌ರಾಕ್ ಘಟ್ಟ ಹತ್ತಿ ಬರುತ್ತಾರೆಂದು ಎರಡು ಜೀಪು ಮಾಡಿಕೊಂಡು ರೈಲ್ವೆ ಸ್ಟೇಶನ್ನಿಗೇ ಹೋದಿರಿ. ಹಾರ ಹಾಕಿದಿರಿ, ಶಾಲು ಹೊದಿಸಿದಿರಿ, ನದಿ ಕಾಣುವ ಕೋಣೆ ಕೊಡಿಸಿದಿರಿ. ಪ್ರವಾಸಿಗರಿಗಷ್ಟೇ ಸಿಗುವ ಕಾಳಿ ನದಿಯ ಆ ನೋಟ ನನಗೆ ಈ ಊರಲ್ಲೇ ಹುಟ್ಟಿಯೂ ಸಿಕ್ಕಿಲ್ಲ. ನನ್ನ ಕಿಟಕಿಯಿಂದ ಕಾಣುವುದು ಎದುರು ಮನೆಯವರ ನೀರಿನ ಟಾಕಿ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ನಮ್ಮ ಹಿರಿಯರಿಗೆ ನಿಮ್ಮನ್ನು ನೋಡುವ ಮೊದಲೇ ಹೇಗೆ ಹೊಳೆಯಿತೋ ಕಾಣೆ.

ಇರಲಿ, ಆಟದ ಮಾತಿಗೆ ಬರೋಣ. ಮೈದಾನದ ಬಾಗಿಲಲ್ಲಿ ಸಿದ್ದಕ್ಕನ ಚಹಾದಂಗಡಿ ಇದೆ. ನೀವು ಅಲ್ಲಿ ಕೂರುವುದಿಲ್ಲ, ಆದ್ದರಿಂದ ನಿಮ್ಮ ಪಟ್ಟಿಯ ಬಗ್ಗೆ ಊರು ಏನನ್ನುತ್ತದೆ ಎಂಬುದು ನಿಮಗೆ ತಲುಪಿರಲಿಕ್ಕಿಲ್ಲ. ಕಾರ್ಖಾನೆಗೆ ಮರದ ಲಾರಿ ತರುವ ಭೋಜಪ್ಪ ಮುಂಡಗೋಡ ತಾಲೂಕಿನ ಮಳಗಿಯವನು. ‘ಊರು ಮಳಗಿ ಆದ್ರೂ ಅನ್ನ ದಾಂಡೇಲಿದು, ಹಿಂಗಾಗಿ ಕೂಗೂದು ನಿಮ್ಮ ಕಡಿಗೇ’ ಎನ್ನುವ ಪ್ರಾಮಾಣಿಕ ಅಭಿಮಾನಿ. ಅವನು ಮೊನ್ನೆ ಮಿರ್ಚಿ ಕಚ್ಚುತ್ತ ಹೇಳಿದ:

‘ಅಲ್ರೀ ಮೌನೇಶಣ್ಣ, ಏಳು ಮಂದಿ ಗೋಲು ಹೊಡಿಯೋರು, ಎಡಗಡಿ ಕಾಯಾಕ ಒಬ್ಬನೂ ಇಲ್ಲ ಅಂದ್ರ, ಮದುವಿ ಮನ್ಯಾಗ ಬಡಸಾಕ ಏಳು ಮಂದಿ ನಿಂತು ಅಡಗಿ ಮಾಡಾಂವ ಇಲ್ಲದಂಗ ಆತು. ಮುಂಡಗೋಡ ಟೀಮಿನ್ಯಾಗ ಬಲಗಡಿ ಓಡಾಂವ ಒಬ್ಬ ಅದಾನ್ರಿ. ನಾ ಕಣ್ಣಾರೆ ನೋಡೇನಿ. ಅಂವಗ ನೀವು ರಸ್ತೆ ಖುಲ್ಲಾ ಬಿಟ್ಟೀರಿ.’

ಅಲ್ಲಿದ್ದ ಇನ್ನೊಬ್ಬರು ನಿಮ್ಮ ಪರ ಮಾತಾಡಿದರು, ಸುಳ್ಳು ಹೇಳಬಾರದು. ‘ನಾಕು ಗೋಲು ತಿಂದ್ರ ಐದು ಹೊಡದರಾತು’ ಎಂದರು. ಕೂಗಾಟ ಶುರುವಾಯಿತು. ಕೊನೆಗೆ ಸಿದ್ದಕ್ಕ ಸೌಟು ಕುಟ್ಟಿ, ‘ಏ, ಐದು ಹೊಡಿಬೇಕಂದ್ರ ಚೆಂಡು ನಿಮ್ಮ ಕಡೆ ಇರಬೇಕಲ್ಲೋ? ಅದು ಬರೇ ನಿಮ್ಮ ಗೋಲಿನ್ಯಾಗ ಕುಂತಿದ್ರ ಹೆಂಗ ಹೊಡಿತೀರಿ? ಚಹಾ ಆರಾಕತ್ತೈತಿ, ಕುಡೀರಿ ಮೊದ್ಲು’ ಎಂದಳು. ಆಯ್ಕೆ ಸಮಿತಿಯಲ್ಲಿ ಒಂದು ಜಾಗ ಖಾಲಿಯಾದರೆ ಅವಳ ಹೆಸರನ್ನು ಸೂಚಿಸುತ್ತೇನೆ. ಅವಳಿಗೆ ಚೆಂಡು ಒಂದೇ ಇರುತ್ತದೆ ಎಂಬುದಾದರೂ ಗೊತ್ತು.

ಹೋದ ರವಿವಾರದ ಸೆಮಿಫೈನಲ್ ನಾನೂ ನೋಡಿದೆ. ಹೆಂಡತಿ ಸುವರ್ಣಾ ಜೊತೆಗಿದ್ದಳು. ಹಳಿಯಾಳದವರ ಮೇಲೆ ನಾಲ್ಕು–ಮೂರರಿಂದ ಗೆದ್ದೆವು. ನೀವು ವೇದಿಕೆಯ ಮೇಲೆ ನಾಲ್ಕು ಬೆರಳು ಎತ್ತಿ ಫೋಟೋ ತೆಗೆಸಿಕೊಂಡಿರಿ. ಆ ಮೂರರ ಗತಿಯೇನು ಸ್ವಾಮಿ? ಮೂರೂ ನಮ್ಮ ಎಡಗಡೆಯಿಂದಲೇ ಬಂದವು. ಅಲ್ಲಿ ನೀವು ನಿಲ್ಲಿಸಿದ ಹುಡುಗ ಬಲಗಾಲಿನವ. ಚೆಂಡು ಎಡಗಾಲಿಗೆ ಬಂದಾಗಲೆಲ್ಲ ಅದನ್ನು ಬಲಗಾಲಿಗೆ ಎಳೆದುಕೊಳ್ಳಲು ಒಂದು ಸುತ್ತು ತಿರುಗುತ್ತಿದ್ದ, ಅಷ್ಟರಲ್ಲಿ ಹಳಿಯಾಳದವರು ಗೋಲು ಹೊಡೆದು ವಾಪಸು ಹೋಗುತ್ತಿದ್ದರು. ಪಾಪ, ಅವನದೇನು ತಪ್ಪು? ಅವನೂ ಮೂಲತಃ ಫಾರ್ವರ್ಡೇ.

ಇನ್ನು ಗೋವೆಯಿಂದ ಬಂದ ನಿಮ್ಮ ಸಾವಿಯೋ. ಮೂರು ಗೋಲು ಹೊಡೆದ. ಮೂರನೆಯದನ್ನು ಹೊಡೆದಾಗ ಸುವರ್ಣಾ ನನ್ನ ತೋಳು ಹಿಡಿದು, ‘ಅಯ್ಯ, ಏನ್ ಚಂದ ಓಡ್ತಾನ್ರೀ ಅಂವ! ನೀವೂ ಹಿಂಗ ಓಡ್ತಿದ್ರೇನು?’ ಎಂದು ಕೇಳಿದಳು. ನಾನು ಶೇಂಗಾ ಸುಲಿಯುತ್ತ ಕೂತೆ. ಆ ಹುಡುಗ ಸೊಕ್ಕಿನವನಾಗಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು! ಬುಧವಾರ ಸಿದ್ದಕ್ಕನ ಅಂಗಡಿಗೆ ತಾನೇ ನಡೆದು ಬಂದು, ನನ್ನ ಎದುರಿನ ಬಾಕಿನ ಮೇಲೆ ಕೂತು, ಕೊಂಕಣಿ ಬೆರೆತ ಹರಕುಮುರುಕು ಕನ್ನಡದಲ್ಲಿ ಕೇಳಿದ, ‘ದಾದಾ, ನಮ್ಮಲ್ಲಿ ಎಡಗಾಲು ಆಡೋವ್ನು ಯಾರು ಇಲ್ಲವಾ? ಎಡಗಡೆಯಿಂದ ನನಗೆ ಒಂದು ಬಾಲ್ ಬರಲಿಲ್ಲ.’ ನೋಡಿದಿರಾ? ನೀವು ಶಾಲು ಹೊದಿಸಿ ತಂದವನಿಗೂ ನಿಮ್ಮ ಪಟ್ಟಿಯ ತೂತು ಕಾಣುತ್ತದೆ. ಆಟವೂ ಚಂದ, ಬುದ್ಧಿಯೂ ಚಂದ. ಇಂಥವನ ಮೇಲೆ ಹೊಟ್ಟೆಕಿಚ್ಚುಪಡುವುದು ಎಷ್ಟು ಕಷ್ಟದ ಕೆಲಸ ಎಂದು ನಿಮಗೆ ಹೇಗೆ ತಿಳಿಯಬೇಕು? ಆದರೂ ನಾನು ಬಿಟ್ಟಿಲ್ಲ.

ನಿಜ ಹೇಳಬೇಕೆಂದರೆ ನನ್ನ ಹೊಟ್ಟೆಕಿಚ್ಚು ಗೋಲಿನ ಮೇಲಲ್ಲ, ಬೂಟಿನ ಮೇಲೂ ಅಲ್ಲ. ಆ ಮೂವರಿಗೆ ಪಾಳಿ ಇಲ್ಲ. ಅದರ ಮೇಲೆ.

ನಮ್ಮ ಕ್ಲಬ್ಬು ಕಟ್ಟಿದವರು ಪಾಳಿಯ ಜನ. ಬೆಳಗಿನ ಆರಕ್ಕೆ ಪಾಳಿ ಬದಲಿಸಲು ಕೂಗುವ ಒಂದು ಭೋಂಗಾ, ಮಧ್ಯಾಹ್ನ ಎರಡಕ್ಕೆ ಒಂದು, ರಾತ್ರಿ ಹತ್ತಕ್ಕೆ ಒಂದು. ಪಂದ್ಯ ನಾಲ್ಕು ಗಂಟೆಗೆ. ಎರಡನೆಯ ಪಾಳಿ ಬಿದ್ದ ಆಟಗಾರ ಮೈದಾನಕ್ಕೆ ಬರುವುದು ಹೇಗೆ? ಅದಕ್ಕೆ ನಮ್ಮಲ್ಲಿ ಮೊದಲಿನಿಂದ ಒಂದು ಪದ್ಧತಿ ಇದೆ. ಆಡುವವನು ಆಡದವನ ಬೆಳಗಿನ ಪಾಳಿ ಮಾಡುತ್ತಾನೆ, ಆಡದವನು ಆಡುವವನ ಮಧ್ಯಾಹ್ನದ ಪಾಳಿಗೆ ಬದಲಿ ಹೋಗುತ್ತಾನೆ. ಹನ್ನೊಂದು ಜನ ಚೆಂಡಿನ ಹಿಂದೆ ಓಡುವಾಗ ಅವರಲ್ಲಿ ನಾಲ್ಕೈದು ಜನರ ಹೆಸರಿನಲ್ಲಿ ಬೇರೆ ನಾಲ್ಕೈದು ಜನ ಮಷೀನಿನ ಮುಂದೆ ನಿಂತಿರುತ್ತಾರೆ. ಅವರ ಹೆಸರು ಯಾವ ಪಟ್ಟಿಯಲ್ಲೂ ಬಂದಿಲ್ಲ, ಬರಲಿ ಎಂದು ಅವರೂ ಕೇಳಿಲ್ಲ.

ಉಳವಪ್ಪನ ಬದಲಿ ನಾನು. ಅವನ ಪಾಳಿ ಇಲ್ಲದ ದಿನ ಗೋಲ್‌ಕೀಪರ್ ವೀರೇಶನ ಬದಲಿ ನಾನೇ. ಈ ಹದಿನಾಲ್ಕು ವರ್ಷದಲ್ಲಿ ಕ್ಲಬ್ಬು ನಾಲ್ಕು ಫೈನಲ್ ಆಡಿದೆ, ನಾನು ಒಂದನ್ನೂ ನೋಡಿಲ್ಲ. ಗೇಟಿನ ವಾಚಮನ್ ಒಳಗೆ ಬಂದು ಕೂಗಿದಾಗ ನನಗೆ ಸ್ಕೋರು ಗೊತ್ತಾಗುತ್ತಿತ್ತು. ದೂರು ಹೇಳುತ್ತಿಲ್ಲ. ಪಂದ್ಯದ ಹಿಂದಿನ ದಿನ ಕ್ಯಾಂಟೀನಿನಲ್ಲಿ ಉಳವಪ್ಪ ಬಂದು, ‘ಅಣ್ಣಾರ, ನಾಳೆ ನನ್ನ ಪಾಳಿ ನೋಡ್ಕೋತೀರೇನ್ರಿ?’ ಎಂದು ಕೇಳಿದಾಗ ನನಗಾಗುತ್ತಿದ್ದ ಹಿಗ್ಗು ನಿಮ್ಮ ಶಾಲಿನಲ್ಲಿ ಇಲ್ಲ. ಈ ಸಲ ಯಾರೂ ಕೇಳಲಿಲ್ಲ. ಸಾವಿಯೋನ ಪಾಳಿಗೆ ಯಾರು ಬದಲಿ ಹೋಗಬೇಕು? ಹೀಗಾಗಿ ಕೈಬೀಸಿಕೊಂಡು ಸೆಮಿಫೈನಲ್ ನೋಡಲು ಬಂದೆ. ಇಷ್ಟು ಬೇಸರದಿಂದ ನಾನು ಯಾವ ಪಂದ್ಯವನ್ನೂ ನೋಡಿದ್ದಿಲ್ಲ.

ಇಲ್ಲಿಯವರೆಗಿನದನ್ನು ನೀವು ನಕ್ಕು ಮರೆಯಬಹುದು, ಮುಂದಿನದನ್ನು ಮರೆಯಬೇಡಿ. ಉಳವಪ್ಪನನ್ನು ಯಾಕೆ ಬಿಟ್ಟಿರಿ ಎಂದು ಗುಂಪಿನಲ್ಲಿ ಯಾರೋ ಕೇಳಿದ್ದಕ್ಕೆ ನೀವು ವಾಟ್ಸಾಪಿನಲ್ಲಿ ಉತ್ತರ ಬರೆದಿರಿ: ‘ಪಂದ್ಯದ ಮಧ್ಯದಲ್ಲಿ ಮೈದಾನ ತೊರೆದ ಪೂರ್ವೇತಿಹಾಸವುಳ್ಳ ಆಟಗಾರರನ್ನು ಫೈನಲ್‌ನಂತಹ ಮಹತ್ವದ ಪಂದ್ಯಕ್ಕೆ ಪರಿಗಣಿಸಲಾಗದು.’ ವಯಸ್ಸಾಯಿತು ಎಂದು ಬರೆದಿದ್ದರೆ ಒಪ್ಪುತ್ತಿದ್ದೆ, ಮೂವತ್ತೈದು ದಾಟುತ್ತಿದೆ ಅವನಿಗೆ. ಓಟ ತಗ್ಗಿದೆ ಎಂದಿದ್ದರೆ ವಾದ ಮಾಡುತ್ತಿದ್ದೆ. ನೀವು ಹದಿನಾಲ್ಕು ವರ್ಷದ ಹಿಂದಿನ ಕಡತ ತೆಗೆದಿರಿ. ಅದರ ಕೆಳಗೆ ಒಬ್ಬರು ‘ಅರ್ಧ ಆಟದ ಉಳವಪ್ಪ’ ಎಂದು ಆ ಕಾಲದ ಅಡ್ಡಹೆಸರನ್ನೂ ಬರೆದು ನಗುವ ಚಿತ್ರ ಹಾಕಿದರು. ನಲವತ್ತು ಜನ ಹೆಬ್ಬೆರಳು ಎತ್ತಿದರು.

ಆ ಹೆಬ್ಬೆರಳುಗಳನ್ನು ಉಳವಪ್ಪನ ಮಗಳು ಲಕ್ಷ್ಮಿಯೂ ನೋಡಿದಳು. ಏಳನೆಯ ತರಗತಿಯ ಹುಡುಗಿ. ಊಟಕ್ಕೆ ಕೂತ ಅಪ್ಪನನ್ನು, ‘ಅಪ್ಪಾ, ನೀ ಆಟ ಬಿಟ್ಟು ಓಡಿ ಹೋಗಿದ್ದೇನು?’ ಎಂದು ಕೇಳಿದಳಂತೆ. ಅವನು ಅರ್ಧ ಊಟಕ್ಕೇ ಎದ್ದು ಕೈ ತೊಳೆದನಂತೆ. ಅವನ ಹೆಂಡತಿ ಇದನ್ನು ಸುವರ್ಣಾಗೆ ಹೇಳಿದಳು, ಸುವರ್ಣಾ ನನಗೆ ಹೇಳಿದಳು. ಹೇಳಿ ನನ್ನ ಮುಖ ನೋಡಿ, ‘ನಿಮಗ್ಯಾಕ್ರೀ ಇಷ್ಟು ಬೆವರು?’ ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಅದೇ ಕಳ್ಳ.

ಅಧ್ಯಕ್ಷರೇ, ನಿಮ್ಮ ಕಡತದಲ್ಲಿ ಇಲ್ಲದ್ದನ್ನು ಬರೆಯುತ್ತಿದ್ದೇನೆ. ಉಳವಪ್ಪ ಬಂದ ವರ್ಷ ಅವನು ಮೈದಾನದಲ್ಲಿ, ನಾನು ಮೀಸಲು ಆಟಗಾರರ ಬೆಂಚಿನ ಮೇಲೆ. ಮೂವತ್ತೊಂದನೆಯ ವಯಸ್ಸಿಗೆ ಇಪ್ಪತ್ತೊಂದರ ಹುಡುಗನ ನೀರಿನ ಬಾಟಲಿ ಹಿಡಿದು ಕೂರುವುದು ಹೇಗಿರುತ್ತದೆಂದು ಈಗ ವರ್ಣಿಸುವುದಿಲ್ಲ. ಅವನು ಚೆನ್ನಾಗಿ ಆಡಿದಷ್ಟೂ ನನ್ನ ಹೊಟ್ಟೆ ಉರಿಯುತ್ತಿತ್ತು. ಆ ವರ್ಷದ ಕ್ವಾರ್ಟರ್‌ಫೈನಲ್ ದಿನ ಅವನಿಗೆ ಎರಡನೆಯ ಪಾಳಿ ಬಿದ್ದಿತ್ತು. ಬದಲಿ ಹೋಗುತ್ತೇನೆಂದು ನಾನೇ ಮಾತು ಕೊಟ್ಟೆ. ಆಗ ಚೀಟಿ ಗೀಟಿ ಇರಲಿಲ್ಲ, ಮಾತೇ ಚೀಟಿ. ಅವನು ಬೆಳಗಿನ ಆರರಿಂದ ಎರಡರವರೆಗೆ ನನ್ನ ಪಾಳಿ ಮಾಡಿ, ಮೈಗೆ ಕಾಗದದ ದೂಳು ಮೆತ್ತಿಕೊಂಡೇ ಮೈದಾನಕ್ಕೆ ಬಂದ. ಬಂದು ನೋಡಿದರೆ ನಾನು ಬೆಂಚಿನ ಮೇಲಿದ್ದೆ.

‘ಅಣ್ಣಾರ, ನೀವು ಇಲ್ಲೇ ಅದೀರಲ್ರೀ?’ ಎಂದ.

‘ಚಿಂತಿ ಮಾಡಬ್ಯಾಡೋ. ನನ್ನ ಬದ್ಲಿ ಇನ್ನೊಬ್ಬರನ್ನ ಕಳಿಸೇನಿ’ ಎಂದೆ.

ಯಾರನ್ನೂ ಕಳಿಸಿರಲಿಲ್ಲ. ಹೊಸ ಹುಡುಗ, ನೌಕರಿ ಇನ್ನೂ ಕಾಯಂ ಆಗಿಲ್ಲ, ಮಷೀನಿನ ಮುಂದೆ ಅವನ ಜಾಗ ಖಾಲಿ ಉಳಿದರೆ ಕರೆಯಲು ಬಂದೇ ಬರುತ್ತಾರೆ, ಆಗ ನನ್ನನ್ನು ಆಟಕ್ಕೆ ಇಳಿಸುತ್ತಾರೆ ಎಂದು ಕೂತಿದ್ದೆ. ಹಾಗೆಯೇ ಆಯಿತು. ಅರ್ಧ ಆಟ ಮುಗಿಯುವ ಹೊತ್ತಿಗೆ ಕಾರ್ಖಾನೆಯ ಸೈಕಲ್ಲು ಬಂತು, ಬಂದವನು ಅವನನ್ನು ಬದಿಗೆ ಕರೆದು, ಬೆಂಚಿನಲ್ಲಿದ್ದ ನನಗಷ್ಟೇ ಕೇಳುವಂತೆ, ‘ಉಳವಪ್ಪ, ನಿನ್ನ ಬದ್ಲಿ ಬಂದಿಲ್ಲ, ಲಗೂನ ನಡಿ’ ಎಂದ. ಉಳವಪ್ಪ ಬೆಂಚಿನ ಕಡೆ ತಿರುಗಿ ನನ್ನನ್ನು ಒಮ್ಮೆ ನೋಡಿದ. ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಬರಿಗಾಲಲ್ಲಿ ಸೈಕಲ್ಲಿನ ಹಿಂದೆ ಹತ್ತಿ ಹೋದ. ಆ ದಿನ ಅವನು ಎರಡು ಪಾಳಿ ದುಡಿದ. ನನ್ನ ಹಾಜರಿಯನ್ನು ಅವನೇ ಬೆಳಿಗ್ಗೆ ತುಂಬಿಸಿಟ್ಟಿದ್ದ, ಆದ್ದರಿಂದ ನನಗೆ ಒಂದು ಕೂದಲೂ ಕೊಂಕಲಿಲ್ಲ.

ಎರಡನೆಯ ಅರ್ಧ ನಾನು ಆಡಿದೆ. ಎರಡು ಗೋಲು ನನ್ನ ಕಡೆಯಿಂದಲೇ ಹೋದವು, ಸೋತೆವು. ಆದರೆ ಸೋಲಿನ ಹೊಣೆ ಯಾರ ತಲೆಗೆ ಬಂತು? ನಡುವೆ ಬಿಟ್ಟು ಹೋದವನ ತಲೆಗೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು. ಸಮಿತಿ ಅವನನ್ನು ಕರೆದು ಕೇಳಿದಾಗ ಅವನು ‘ಹೊಟ್ಟಿ ನೋವಾಗಿತ್ರಿ’ ಎಂದನಂತೆ. ಬದಲಿ ಬರಲಿಲ್ಲ ಎಂದಿದ್ದರೆ ಯಾರು ಆ ಬದಲಿ ಎಂಬ ಪ್ರಶ್ನೆ ಬರುತ್ತಿತ್ತು, ಅದಕ್ಕೆ. ಹೊಟ್ಟೆನೋವು ಇದ್ದದ್ದು ನನಗೆ. ಸೋಮವಾರ ಕ್ಯಾಂಟೀನಿನಲ್ಲಿ ನನ್ನ ಎದುರು ಒಂದು ಕಪ್ ಚಹಾ ತಂದಿಟ್ಟು ಕೂತ. ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದುಕೊಂಡೆ. ‘ಬರೋ ತಿಂಗಳ ದೋಸ್ತಿ ಮ್ಯಾಚ್ ಐತ್ರಿ. ಅವತ್ತೂ ನಂದು ಎರಡನೇ ಪಾಳಿ. ನೋಡ್ಕೋತೀರೇನ್ರಿ, ಅಣ್ಣಾರ?’ ಎಂದ.

ಹದಿನಾಲ್ಕು ವರ್ಷ ನೋಡಿಕೊಂಡೆ. ಒಂದು ಸಲವೂ ತಪ್ಪಿಸಲಿಲ್ಲ. ಅದರಿಂದ ನನ್ನ ತಪ್ಪು ತೀರಿತು ಎಂದು ತಿಳಿದು ಆರಾಮ ಇದ್ದೆ. ಬಾಯಿಬಿಟ್ಟು ಒಂದು ಮಾತು ಹೇಳುವುದಕ್ಕಿಂತ ನೂರು ಪಾಳಿ ದುಡಿಯುವುದು ನನಗೆ ಹಗುರವಾಗಿತ್ತು, ನಾಚಿಕೆಗೇಡು. ಮೊನ್ನೆ ಅವನ ಮನೆಗೆ ಹೋಗಿ, ಎಲ್ಲರಿಗೂ ಹೇಳಿಬಿಡುತ್ತೇನೆ ಎಂದೆ. ‘ಬಿಡ್ರಿ ಅಣ್ಣಾರ, ಹಳೇ ಮಾತು. ನಿಮ್ಮ ಮನ್ಯಾಗೂ ಮಕ್ಕಳದಾರ’ ಎಂದ. ಅವನ ಮಗಳು ಒಳಬಾಗಿಲಲ್ಲಿ ನಿಂತಿದ್ದಳು. ಅವಳೆದುರೂ ಅವನು ನನ್ನ ಹೆಸರು ಎತ್ತಲಿಲ್ಲ. ಇವನ ಮೇಲೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚಿದೆ ಅಧ್ಯಕ್ಷರೇ, ಸಾವಿಯೋನ ಮೇಲಿನದಕ್ಕಿಂತ ಹೆಚ್ಚು. ಇಷ್ಟು ದೊಡ್ಡ ಮನಸ್ಸು ಇವನಿಗೆ ಎಲ್ಲಿಂದ ಬಂತು, ನನಗೆ ಯಾಕೆ ಬರಲಿಲ್ಲ?

ಈಗ ನನ್ನ ಬೇಡಿಕೆ. ಪಟ್ಟಿ ಕೊಡಲು ಶುಕ್ರವಾರ ಸಂಜೆಯವರೆಗೆ ಸಮಯವಿದೆ. ಹದಿನೆಂಟನೆಯ ಸಾಲಿನ ಪೆನ್ಸಿಲ್ ಬರಹವನ್ನು ಅಳಿಸಿ ಪೆನ್ನಿನಲ್ಲಿ ಉಳವಪ್ಪನ ಹೆಸರು ಬರೆಯಿರಿ. ಆಡಿಸುವುದು ಬಿಡುವುದು ನಿಮ್ಮ ಚಿತ್ತ, ಆದರೆ ಮುಂಡಗೋಡದ ಆ ಬಲಗಡೆಯವನು ಮೊದಲ ಹತ್ತು ನಿಮಿಷ ಓಡುವುದನ್ನು ನೋಡಿದ ಮೇಲೆ ನೀವೇ ಉಳವಪ್ಪನನ್ನು ಹುಡುಕುತ್ತೀರಿ. ನಲವತ್ತು ಹೆಬ್ಬೆರಳು ಎದ್ದ ಅದೇ ಗುಂಪಿನಲ್ಲಿ, ಅವನು ಮೈದಾನ ಬಿಟ್ಟು ಓಡಿಹೋದವನಲ್ಲ, ಬದಲಿ ಕೈಕೊಟ್ಟದ್ದರಿಂದ ಕೆಲಸಕ್ಕೆ ಹೋದವನು ಎಂದು ನಿಮ್ಮ ಹೆಸರಿನಲ್ಲಿ ಬರೆಯಿರಿ. ಬದಲಿಯ ಹೆಸರನ್ನೂ ಹಾಕಿರಿ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾಡಬೇಡಿ. ಅಡ್ಡಹೆಸರು ಯಾರಿಗಾದರೂ ಬೇಕೇ ಬೇಕು ಎಂದರೆ ಅದಕ್ಕೆ ಹಕ್ಕುದಾರ ನಾನು. ಲಕ್ಷ್ಮಿ ಅದನ್ನು ಓದುವಂತಾಗಬೇಕು, ನನ್ನ ಮಕ್ಕಳು ಓದಿದರೂ ಸರಿಯೇ.

ಪಾಳಿಯ ತೊಡಕಿದೆ ಎಂದು ಮಾತ್ರ ಹೇಳಬೇಡಿ. ಈ ರವಿವಾರ ಅವನಿಗೆ ಎರಡನೆಯ ಪಾಳಿ, ಅದು ನನಗೆ ಗೊತ್ತಿದೆ. ಈ ಸಲ ಅವನು ಕೇಳಲಿಲ್ಲ, ನಾನೇ ಕೇಳಿದೆ. ಈಗ ಚೀಟಿ ಬೇಕು, ನನ್ನ ಸಹಿ ಹಾಕಿದ ಚೀಟಿ ಸೂಪರ್‌ವೈಸರ್ ಕೈ ಸೇರಿದೆ. ಐದನೆಯ ಫೈನಲನ್ನೂ ನಾನು ನೋಡುವುದಿಲ್ಲ. ಸುವರ್ಣಾ ನೋಡಿ ಬಂದು ಹೇಳುತ್ತಾಳೆ, ಸಾವಿಯೋನ ಓಟವನ್ನು ಒಂದಿಷ್ಟು ಹೆಚ್ಚೇ ಹೊಗಳುತ್ತಾಳೆ, ಕೇಳಿಸಿಕೊಳ್ಳುತ್ತೇನೆ. ನೀವು ಉಳವಪ್ಪನ ಹೆಸರು ಬರೆದರೂ ಸರಿ, ಬರೆಯದಿದ್ದರೂ ಸರಿ, ರವಿವಾರ ಎರಡು ಗಂಟೆಯ ಭೋಂಗಾ ಆಗುವಾಗ ನಾನು ಅವನ ಮಷೀನಿನ ಮುಂದೆ ಇರುತ್ತೇನೆ. ಸೈಕಲ್ಲು ಮೈದಾನಕ್ಕೆ ಬರುವುದಿಲ್ಲ.

ಇಂತಿ,
ಹದಿನಾಲ್ಕು ವರ್ಷದ ಹಿಂದೆ ಬಾರದೇ ಹೋದ ಬದಲಿ,
ಮೌನೇಶ
ಕಟಿಂಗ್ ವಿಭಾಗ, ದಾಂಡೇಲಿ